ಪೊಟ್ಯಾಷ್ ದಾಟಿಸುವ ದೋಣಿಯೂ ನಮ್ಮ ತೋಟದ ಹಳದಿ ಎಲೆಯೂ

ಮುಂಗಾರು ಹಿಡಿಯುವ ಹೊತ್ತಿಗೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಪ್ರತಿ ವರ್ಷ ಒಂದು ರಸಾಯನಶಾಸ್ತ್ರದ ಪರೀಕ್ಷೆ ನಡೆಯುತ್ತದೆ. ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಕದಡಿದ ಮೇಲೆ ಹೊಳೆಯುವ ಕತ್ತಿಯನ್ನು ಅದರೊಳಗೆ ಅದ್ದಿ ಎತ್ತುತ್ತಾರೆ. ಕತ್ತಿಗೆ ಕೆಂಪು ಹತ್ತಿತೋ, “ಸುಣ್ಣ ಸಾಲ್ದು ಮಾರಾಯ್ರೆ, ಇನ್ನಷ್ಟು ಹಾಕಿ” ಅಂತಾರೆ. ಹತ್ತದಿದ್ದರೆ ಮರ ಹತ್ತೋದೇ.

ಆ ಕೆಂಪು ಯಾವುದು? ತಾಮ್ರ. ನೀರಿನಲ್ಲಿ ಕರಗಿ, ಕಣ್ಣಿಗೆ ಬೀಳದೆ, ವಿದ್ಯುದಂಶ ಹೊತ್ತು ತಿರುಗುತ್ತಿದ್ದ ತಾಮ್ರದ ಕಣ ಕಬ್ಬಿಣದ ಮೇಲೆ ಕೂತು ಲೋಹವಾಯಿತು. ಹೀಗೆ ವಿದ್ಯುದಂಶ ಹೊತ್ತ ಕಣಕ್ಕೇ ಅಯಾನು ಎಂದು ಹೆಸರು. ಕೊಳೆರೋಗದ ಬೂಷ್ಟನ್ನು ಕೊಲ್ಲುವುದೂ ಈ ಅಯಾನೇ. ಮೈಸೂರು ಸರ್ಕಾರಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲೇ ಬರೆದರು, ಬೋರ್ಡೋ ಔಷಧಿಯನ್ನು ಬಳಕೆಗೆ ತಂದರು. ಎನ್.ಆರ್.ಪುರ ತಾಲ್ಲೂಕಿನ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದರ ಹಿಂದೆಯೂ ಅವರೇ ಇದ್ದರು. ಅಂದರೆ ಅಯಾನಿನ ವ್ಯವಹಾರ ನಮ್ಮ ಕಡೆಯವರಿಗೆ ಹೊಸದಲ್ಲ. ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಆದರೆ ಅಯಾನು ಜೀವಕೋಶದ ಒಳಗೆ ಹೋಗುವುದು ಹೇಗೆ? ಈ ಒಂದು ಪ್ರಶ್ನೆಗೆ ಕೆಲಸದ ಆಯುಷ್ಯವನ್ನೇ ಕೊಟ್ಟವರೊಬ್ಬರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಹೆಸರು ಕೆ.ಆರ್.ಕೆ. ಈಶ್ವರನ್. ನಮ್ಮೂರ ಕಡೆಯವರಲ್ಲ, ನಮ್ಮ ತೋಟಕ್ಕೆಂದು ಕೆಲಸ ಮಾಡಿದವರೂ ಅಲ್ಲ. ಆದರೂ ಅವರ ಕೆಲಸದ ಸುದ್ದಿ ಈ ಅಂಕಣಕ್ಕೆ ಎಂತಕ್ಕೆ ಅಂತ ಕೇಳುವವರು ಸ್ವಲ್ಪ ತಾಳಿಕೊಳ್ಳಬೇಕು.

ಜೀವಕೋಶದ ಸುತ್ತ ಒಂದು ಪೊರೆ ಇದೆ. ಅದು ಕೊಬ್ಬಿನದು, ಎಣ್ಣೆಯ ಜಾತಿ. ಅಯಾನು ನೀರಿನ ಜಾತಿ. ಎಣ್ಣೆಗೂ ನೀರಿಗೂ ಕೂಡಿ ಬರೋದಿಲ್ಲ ಎಂಬುದು ಒಗ್ಗರಣೆ ಹಾಕಿದವರಿಗೆಲ್ಲ ಗೊತ್ತು. ಹಾಗಾಗಿ ಪೊಟ್ಯಾಷಿಯಂ ಅಯಾನು ಪೊರೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಆಗ ಯಾರಾದರೂ ಹೊತ್ತು ದಾಟಿಸಬೇಕು.

ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿ ಇಂಥ ಒಂದು ದೋಣಿಯನ್ನು ತಾನೇ ಕಟ್ಟುತ್ತದೆ. ಅದೇ ವ್ಯಾಲಿನೊಮೈಸಿನ್. 1955ರಲ್ಲಿ ಜರ್ಮನರು ಅದನ್ನು ಬೇರ್ಪಡಿಸಿದರು. 12 ತುಂಡುಗಳ ಬಳೆಯಂಥ ಅಣು. ಬಳೆಯ ಒಳಮೈಯಲ್ಲಿ 6 ಆಮ್ಲಜನಕ ಪರಮಾಣುಗಳು ಪೊಟ್ಯಾಷಿಯಮ್ಮನ್ನು ಅಪ್ಪಿ ಹಿಡಿಯುತ್ತವೆ, ಹೊರಮೈ ಪೂರ್ತಿ ಎಣ್ಣೆಗೆ ಒಗ್ಗುವಂಥದ್ದು. ಗದ್ದೆ ನಾಟಿಗೆ ಗೊರಬು ಹಾಕ್ಕೊಂಡು ಹೊರಟವರನ್ನು ನೆನೆಸಿಕೊಳ್ಳಿ. ಮಳೆಗೆ ಕಾಣುವುದು ಗೊರಬು ಮಾತ್ರ, ಒಳಗಿನ ಮನುಷ್ಯ ಅಲ್ಲ. ಹಾಗೇ ಪೊರೆಗೆ ಕಾಣುವುದು ಎಣ್ಣೆಯ ಹೊದಿಕೆ, ಒಳಗಿನ ಅಯಾನು ಆಚೆ ದಡದಲ್ಲಿ ಇಳಿದಾಯಿತು.

ಇದರ ಚಮತ್ಕಾರ ಬೇರೆಯೇ ಇದೆ. ಸೋಡಿಯಂ ಪೊಟ್ಯಾಷಿಯಮ್ಮಿಗಿಂತ ಚಿಕ್ಕದು. ಚಿಕ್ಕದು ಸಲೀಸಾಗಿ ಹತ್ತಬೇಕಲ್ಲ? ಇಲ್ಲ. ಅದಕ್ಕೆ ಬಳೆ ಸಡಿಲ. ಮೈಗಂಟಿದ ನೀರನ್ನು ಕಳಚಿ ಬಂದದ್ದಕ್ಕೆ ತಕ್ಕ ಹಿಡಿತ ಸಿಗೋದಿಲ್ಲ. ಹಾಗಾಗಿ ಈ ದೋಣಿ ಸೋಡಿಯಮ್ಮಿಗಿಂತ ಪೊಟ್ಯಾಷಿಯಮ್ಮಿಗೆ ಸುಮಾರು 10,000 ಪಟ್ಟು ಹೆಚ್ಚು ಒಲವು ತೋರಿಸುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಆಳು ನೋಡಿ ಹತ್ತಿಸಿಕೊಳ್ಳುವ ಕಂಡಕ್ಟರು ನಮ್ಮ ರೂಟಿನ ಯಾವ ಬಸ್ಸಿನಲ್ಲೂ ಇಲ್ಲ.

ಕಾರ್ಖಾನೆಯಲ್ಲೂ ಇಂಥದ್ದನ್ನು ಮಾಡಬಹುದು ಎಂದು 1967ರಲ್ಲಿ ತೋರಿಸಿದವರು ಅಮೆರಿಕದ ಡ್ಯುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್. ಡಾಕ್ಟರೇಟ್ ಇಲ್ಲದ ಮನುಷ್ಯ. 1987ರಲ್ಲಿ ನೊಬೆಲ್ ಬಂದಾಗ ವಯಸ್ಸು 83.

ಬೆಂಗಳೂರಿಗೆ ಬರೋಣ. ಜಿ.ಎನ್. ರಾಮಚಂದ್ರನ್ ಅವರು 1971ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣುಜೀವಭೌತ ವಿಭಾಗ ತೆರೆದರು. ಈಶ್ವರನ್ ಅವರ ಕೆಲಸ ಬೆಳೆದದ್ದು ಅಲ್ಲಿ, ಮುಂದೆ ಅವರೇ ಆ ವಿಭಾಗದ ಮುಖ್ಯಸ್ಥರೂ ಆದರು. ಅವರು ಹಿಡಿದ ದಾರಿ ಎಂಥದ್ದು ನೋಡಿ. ಪೊಟ್ಯಾಷಿಯಂ ಹಿಡಿಯುವ ಬಳೆಗೆ ಪೊಟ್ಯಾಷಿಯಂ ಕೊಟ್ಟು ಜಗತ್ತೆಲ್ಲ ನೋಡುತ್ತಿತ್ತು. ಇವರು ಅದಕ್ಕೆ ಕ್ಯಾಲ್ಸಿಯಂ, ಬೇರಿಯಂ ಕೊಟ್ಟು ನೋಡಿದರು. ಎರಡು ಪಾಲು ವಿದ್ಯುದಂಶ ಹೊತ್ತ ಅಯಾನು ಕೊಟ್ಟರೆ ಬಳೆ ಏನು ಮಾಡೀತು?

ಉತ್ತರ 1980ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ದೇವರಾಜನ್, ನಾಯರ್, ಈಶ್ವರನ್ ಮತ್ತು ಹರಳುಗಳ ರಚನೆ ಬಿಡಿಸುವುದರಲ್ಲಿ ಹೆಸರಾದ ಎಂ. ವಿಜಯನ್, ನಾಲ್ವರ ಲೇಖನ. ಪೊಟ್ಯಾಷಿಯಂ ಬಂದಾಗ ಮುದುರಿ ಗೂಡಾಗುತ್ತಿದ್ದ ಅಣು, ಬೇರಿಯಂ ಬಂದಾಗ ಒಳಗಿನ ಕಟ್ಟುಗಳನ್ನೆಲ್ಲ ಬಿಟ್ಟು ಅಗಲವಾಗಿ ಬಿಚ್ಚಿಕೊಂಡಿತ್ತು. ಒಂದರ ಬದಲು ಎರಡು ಬೇರಿಯಂ ಕೂತಿದ್ದವು. ದೋಣಿ ಹತ್ತುವವನನ್ನು ನೋಡಿ ದೋಣಿಯೇ ಆಕಾರ ಬದಲಿಸುತ್ತದೆ ಎಂದಂತಾಯಿತು.

ಅಣು ಹರಳಿನಲ್ಲಿ ಕೂತಿದ್ದರೆ ಸಾಲದು, ಪೊರೆ ದಾಟುವುದನ್ನೂ ಕಾಣಬೇಕು. ಅದಕ್ಕೆ ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳನ್ನು ನೀರಿನಲ್ಲಿ ಕಟ್ಟಿ, ಹೊರಗೆ ಪ್ರಾಸಿಯೋಡಿಮಿಯಂನಂಥ ಅಪರೂಪದ ಲೋಹದ ಅಯಾನು ಹಾಕುತ್ತಿದ್ದರು. ಆ ಅಯಾನು ಮುಟ್ಟಿದ ಕಡೆ ಕಾಂತೀಯ ಯಂತ್ರದಲ್ಲಿ ಸಂಕೇತ ಪಕ್ಕಕ್ಕೆ ಸರಿಯುತ್ತದೆ. ಮೊದಲು ಗುಳ್ಳೆಯ ಹೊರಮೈ ಸಂಕೇತ ಮಾತ್ರ ಸರಿಯುತ್ತದೆ. ದಾಟಿಸುವ ಅಣುವನ್ನು ಬಿಟ್ಟ ಮೇಲೆ ಒಳಮೈಯದೂ ನಿಧಾನಕ್ಕೆ ಸರಿಯತೊಡಗುತ್ತದೆ. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ದೋಣಿಯ ವೇಗ ಸಿಕ್ಕಿತು. ಲ್ಯಾಸಲೋಸಿಡ್ ಎಂಬ ಅಣುವಿನ ಮೇಲೆ ಈ ಗುಂಪು ಹೀಗೆ ಮಾಡಿದ ಕೆಲಸ 1987ರಲ್ಲಿ ಬೆಳಕು ಕಂಡಿತು. ಅಷ್ಟರಲ್ಲಿ, 1984ರಲ್ಲಿ, ಈಶ್ವರನ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದಿತ್ತು.

ಇದೇ ವಿಭಾಗದಲ್ಲಿ ಪಿ. ಬಲರಾಂ ಅವರು ದೋಣಿಯ ಬದಲು ಸೇತುವೆ ಕಟ್ಟುವ ಅಣುಗಳನ್ನು ಹಿಡಿದುಕೊಂಡರು. ದೋಣಿ ಓಡಾಡಬೇಕು, ಸೇತುವೆ ನಿಂತಲ್ಲೇ ದಾಟಿಸುತ್ತದೆ. ಪೊರೆಯನ್ನು ತಣ್ಣಗೆ ಹೆಪ್ಪುಗಟ್ಟಿಸಿದರೆ ದೋಣಿ ನಿಲ್ಲುತ್ತದೆ, ಸೇತುವೆ ನಿಲ್ಲೋದಿಲ್ಲ. 1971ರಲ್ಲಿ ಅಮೆರಿಕದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಈಗ ತಾಳಿಕೊಂಡವರ ಪ್ರಶ್ನೆಗೆ ಬರೋಣ. ನಮ್ಮ ಮೂರು ತಾಲ್ಲೂಕುಗಳ ಅಡಿಕೆಯನ್ನು ದಶಕಗಳಿಂದ ತಿನ್ನುತ್ತಿರುವುದು ಹಳದಿ ಎಲೆ ರೋಗ. ಮರ ಹಳದಿಯಾಗುತ್ತದೆ, ಫಸಲು ಇಳಿಯುತ್ತದೆ, ತೋಟ ಖಾಲಿ ಆಗುತ್ತದೆ. ಎಲೆ ಹಳದಿಯಾದೊಡನೆ “ಪೊಟ್ಯಾಷ್ ಕಮ್ಮಿ” ಎಂದು ಚೀಲ ಮಾರುವವರಿಗೆ ಕಡಿಮೆಯಿಲ್ಲ. ಅವರ ಮಾತು ಅರ್ಧ ನಿಜ. ನಮ್ಮ ಹುಳಿ ಮಣ್ಣಿಗೆ ಅಯಾನು ಹಿಡಿದಿಡುವ ಶಕ್ತಿ ಕಡಿಮೆ, ಜಡಿಮಳೆಗೆ ಪೊಟ್ಯಾಷ್ ತುಂಗೆಗೋ ಭದ್ರೆಗೋ ಹೋಗುತ್ತದೆ. ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಅಂಶ ಎಂದು ಹೇಳಿರುವುದನ್ನು ಎರಡು ಸಲ ಹಂಚಿ ಹಾಕಿ ಎನ್ನುವುದು ಅದಕ್ಕೇ.

ಆದರೆ ಹಳದಿ ಎಲೆ ರೋಗ ಗೊಬ್ಬರದ ಕೊರತೆ ಅಲ್ಲ. ಅದರ ಹಿಂದಿರುವುದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ಒಂದು ಜಿಗಿಹುಳ. ಈ ಫೈಟೋಪ್ಲಾಸ್ಮಾಕ್ಕೆ ಉಳಿದ ಬ್ಯಾಕ್ಟೀರಿಯಾಗಳಂತೆ ಗಟ್ಟಿ ಗೋಡೆ ಇಲ್ಲ. ಇರುವುದು ಬರೀ ಪೊರೆ. ಈಶ್ವರನ್ ಅಂಥವರು ಜೀವಮಾನವಿಡೀ ಅಳೆದ ಅದೇ ಜಾತಿಯ ಪೊರೆ!

ಹಾಗಾದರೆ ವ್ಯಾಲಿನೊಮೈಸಿನ್ ಬಿಟ್ಟು ಅದರ ಪೊಟ್ಯಾಷಿಯಂ ಸೋರಿಸಿ ಕೊಲ್ಲಬಾರದೇ? ಕೊಲ್ಲಬಹುದು. ಜೊತೆಗೆ ಮರದ ಕೋಶವೂ ಸೋರುತ್ತದೆ, ಔಷಧಿ ಹೊಡೆದವನ ಕೋಶವೂ ಸೋರುತ್ತದೆ. ಈ ದೋಣಿಗೆ ಊರು, ಜಾತಿ ಗೊತ್ತಿಲ್ಲ. ಇದೇ ಬಳಗದ ಲ್ಯಾಸಲೋಸಿಡ್, ಮೊನೆನ್ಸಿನ್‌ಗಳನ್ನು ಕೋಳಿಗಳ ರೋಗಕ್ಕೆ ಆಹಾರದಲ್ಲಿ ಬೆರೆಸುತ್ತಾರೆ. ಆ ಕೋಳಿ ಮೇವನ್ನು ಕುದುರೆ ತಿಂದರೆ ಸತ್ತೇ ಹೋದೀತು. ಇನ್ನು ಟೆಟ್ರಾಸೈಕ್ಲಿನ್. ಹಾಲಿನ ಜೊತೆ ನುಂಗಬೇಡಿ ಎಂದು ಡಾಕ್ಟರು ಹೇಳುವ ಅದೇ ಮಾತ್ರೆ, ಕಾರಣ ಅದು ಹಾಲಿನ ಕ್ಯಾಲ್ಸಿಯಂ ಅಯಾನಿಗೆ ಅಂಟಿಕೊಳ್ಳುತ್ತದೆ. ಅದು ಫೈಟೋಪ್ಲಾಸ್ಮಾವನ್ನು ತಗ್ಗಿಸುತ್ತದೆ, ನಿಲ್ಲಿಸಿದ ಮೇಲೆ ರೋಗ ಮರಳುತ್ತದೆ. ಎಕರೆಗಟ್ಟಲೆ ತೋಟದ ಒಂದೊಂದು ಮರಕ್ಕೂ ಸೂಜಿ ಚುಚ್ಚುತ್ತಾ ಕೂರುವುದು ಆಗುವ ಮಾತಲ್ಲ.

ರೋಗಾಣುವಿನ ಪೊರೆಯನ್ನು ಮಾತ್ರ ಗುರುತಿಸಿ ಹತ್ತುವ, ಮರದ ಪೊರೆಯನ್ನು ಬಿಟ್ಟುಬಿಡುವ ಅಣು ಬೇಕು. ಸೋಡಿಯಂ ಬಿಟ್ಟು ಪೊಟ್ಯಾಷಿಯಂ ಆರಿಸುವುದನ್ನು ಮಣ್ಣಿನ ಹುಳವೇ ಕಲಿತಿದೆಯಲ್ಲ! ರೋಗಪೀಡಿತ ತೋಟಗಳಲ್ಲಿ ಅಕ್ಕಪಕ್ಕದ ಮರಗಳೆಲ್ಲ ಹಳದಿಯಾದರೂ ಹಸಿರಾಗಿ ನಿಂತ ಮರಗಳುಂಟು. ಅಂಥವುಗಳಿಂದ ಸಸಿ ಎಬ್ಬಿಸುವ ಪ್ರಯತ್ನ ಸಂಶೋಧನಾ ಕೇಂದ್ರಗಳಲ್ಲಿ ನಡೆದಿದೆ. ನಿಮ್ಮ ತೋಟದಲ್ಲೂ ಅಂಥ ಮರ ಇದ್ದರೆ ಕಡಿಯಬೇಡಿ, ಬುಡಕ್ಕೆ ಒಂದು ಗುರುತು ಕಟ್ಟಿ, ಕೃಷಿ ವಿಜ್ಞಾನಿಗಳು ಬಂದಾಗ ಕರೆದುಕೊಂಡು ಹೋಗಿ ತೋರಿಸಿ.