ಮಣ್ಣಿನ ವಿಷಕ್ಕೆ ಎರೆಹುಳುವಿನ ಮದ್ದು?

ಎರೆಹುಳು ರೈತನ ಮಿತ್ರ ಎಂದು ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೇವೆ. ಮಣ್ಣನ್ನು ಸಡಿಲಗೊಳಿಸುತ್ತದೆ, ಕಸವನ್ನು ಗೊಬ್ಬರ ಮಾಡುತ್ತದೆ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಗ್ಯಾರಂಟಿ. ಆದರೆ ಆ ಮಣ್ಣಿನಲ್ಲೇ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬೆರೆತಿದ್ದರೆ ಈ ಮಿತ್ರನಿಂದ ಏನಾದೀತು?

ಇದು ದೂರದ ಊರಿನ ಸಮಸ್ಯೆಯಲ್ಲ. ಬೆಂಗಳೂರಿನ ಚರಂಡಿ, ಕಾರ್ಖಾನೆಗಳ ಕೊಳೆಯನ್ನು ಹೊತ್ತ ವೃಷಭಾವತಿ ಬಿಡದಿ ಸಮೀಪದ ಬೈರಮಂಗಲ ಕೆರೆ ಸೇರುತ್ತದೆ. ಅದೇ ನೀರನ್ನು ನಂಬಿ ಸುತ್ತಲಿನ ರೈತರು ಮೇವು, ತರಕಾರಿ ಬೆಳೆದಿದ್ದಾರೆ. ನದಿಯ ಆಸುಪಾಸಿನ ಮಣ್ಣಿನಲ್ಲಿ, ತರಕಾರಿಯಲ್ಲಿ ಭಾರಲೋಹ ಇರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಸೊಪ್ಪನ್ನು ಎಷ್ಟು ತೊಳೆದರೂ ಮೇಲಿನ ಕೊಳೆ ಹೋಗುತ್ತದೆಯೇ ಹೊರತು, ಬೇರಿನಿಂದ ಎಲೆಗೇರಿದ ಲೋಹ ಹೋಗುವುದಿಲ್ಲ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಕೆಡಿಸಿದರೆ, ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ.

ಎಷ್ಟೋ ಕೀಟನಾಶಕಗಳನ್ನು ಸೂಕ್ಷ್ಮಜೀವಿಗಳು ಒಡೆದು ತಿನ್ನುತ್ತವೆ. ಲೋಹ ಹಾಗಲ್ಲ, ಅದು ಮೂಲವಸ್ತು. ಅದರ ರೂಪ ಬದಲಿಸಬಹುದು, ಜಾಗ ಬದಲಿಸಬಹುದು, ಅಷ್ಟೇ. ಎರೆಹುಳುವಿನ ಕರುಳಿನಲ್ಲಿ ನಡೆಯುವುದೂ ಅದೇ. ಮಣ್ಣಿನಲ್ಲಿ ಅರೆನಿದ್ರೆಯಲ್ಲಿದ್ದ ಬ್ಯಾಕ್ಟೀರಿಯಾಗಳು ಹುಳುವಿನ ಹೊಟ್ಟೆ ಹೊಕ್ಕೊಡನೆ ಎಚ್ಚರಗೊಳ್ಳುತ್ತವೆ. ಅಲ್ಲಿ ತೇವವಿದೆ, ತಿನ್ನಲು ಲೋಳೆಯಿದೆ, ಆಮ್ಲಜನಕವಂತೂ ಇಲ್ಲವೆನ್ನುವಷ್ಟು ಕಡಿಮೆ. ಇಂಥಲ್ಲಿ ಬದುಕಬಲ್ಲ ಕೆಲವು ಬ್ಯಾಕ್ಟೀರಿಯಾಗಳು ಹೆಚ್ಚು ವಿಷಕಾರಿಯಾದ ಕ್ರೋಮಿಯಂ ರೂಪವನ್ನು ಸುಲಭವಾಗಿ ಕರಗದ, ಕಡಿಮೆ ಅಪಾಯದ ರೂಪಕ್ಕೆ ತಿರುಗಿಸುತ್ತವೆ. ಇನ್ನು ಕೆಲವು ಸೀಸ, ಕ್ಯಾಡ್ಮಿಯಂಗಳನ್ನು ತಮ್ಮ ಕೋಶಭಿತ್ತಿಗೆ ಅಂಟಿಸಿಕೊಳ್ಳುತ್ತವೆ. ಹುಳು ಕೂಡ ಮೆಟಲೊಥಯೊನಿನ್ ಎಂಬ ಪ್ರೋಟೀನಿನಿಂದ ಕ್ಯಾಡ್ಮಿಯಂ ಅನ್ನು ಕಟ್ಟಿ ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ.

ಹಾಗಾದರೆ ಹೊಲಕ್ಕೆ ಒಂದಿಷ್ಟು ಹುಳು ಬಿಟ್ಟರೆ ಮುಗಿಯಿತೇ? ಇಲ್ಲ. ಹುಳು ಸತ್ತರೆ ಲೋಹ ಮರಳಿ ಮಣ್ಣಿಗೆ. ಹಕ್ಕಿ ತಿಂದರೆ ಹಕ್ಕಿಯ ಹೊಟ್ಟೆಗೆ. ಕೆಲವು ಬಗೆಯ ಮಣ್ಣಿನಲ್ಲಿ ಹುಳುವಿನ ಓಡಾಟದಿಂದ ಲೋಹ ಇನ್ನಷ್ಟು ಸುಲಭವಾಗಿ ಗಿಡದ ಬೇರಿಗೆ ಸಿಗುತ್ತದೆ. ಅಲ್ಲಿ ಲೋಹ ಹೀರಬಲ್ಲ ಸಾಸಿವೆ ಬೆಳೆದು, ಗಿಡವನ್ನು ಕಿತ್ತು ಸುರಕ್ಷಿತವಾಗಿ ವಿಲೇವಾರಿ ಮಾಡಿದರೆ ಅದು ಶುದ್ಧೀಕರಣ. ಅದೇ ಹೊಲದಲ್ಲಿ ಪಾಲಕ್ ಬೆಳೆದರೆ ವಿಷ ನೇರ ನಮ್ಮ ತಟ್ಟೆಗೆ. ಕಿತ್ತ ಸಾಸಿವೆಯನ್ನೂ ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ.

ಇದಕ್ಕೆಲ್ಲ ಮೊದಲು ಮಣ್ಣಿನಲ್ಲಿ ಏನಿದೆ ಎಂದು ರೈತನಿಗೆ ತಿಳಿಯಬೇಕು. ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ 12 ಅಂಶಗಳನ್ನು ಹೇಳುತ್ತದೆ. ಸಾರಜನಕ, ರಂಜಕದಿಂದ ಸತು, ಬೋರಾನ್‌ವರೆಗೆ ಎಲ್ಲವೂ ಇವೆ. ಸೀಸ, ಕ್ಯಾಡ್ಮಿಯಂ ಮಾತ್ರ ಆ ಪಟ್ಟಿಯಲ್ಲೇ ಇಲ್ಲ. ನಗರದ ಕೊಳೆನೀರು ಹರಿಯುವ ಹಳ್ಳಿಗಳಲ್ಲಾದರೂ ಈ ಪರೀಕ್ಷೆಯನ್ನು ಸೇರಿಸಬಾರದೇಕೆ?

ಎರೆಹುಳುವಿನ ಕೆಲಸ ನಿಧಾನ, ವರ್ಷಗಟ್ಟಲೆ ಹಿಡಿಯುತ್ತದೆ. ಒಂದು ಕಡೆ ಹುಳು ಬಿಟ್ಟು, ಇನ್ನೊಂದು ಕಡೆಯಿಂದ ಕಾರ್ಖಾನೆಯ ನೀರು ಹರಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಮೊದಲು ಆ ಪೈಪು ಮುಚ್ಚಲಿ. ಆಮೇಲೆ ರೈತನ ಮಿತ್ರ ತನ್ನ ಪಾಲಿನ ಕೆಲಸ ಮಾಡುತ್ತದೆ.