ಕಲ್ಲಿನ ಮೇಲೆ ಭಕ್ತಿಯ ಲೆಕ್ಕ

ಬನ್ನೂರು ಅಂದರೆ ಹಲವರಿಗೆ ಕುರಿ ನೆನಪಾಗುತ್ತೆ. ದಾಸಸಾಹಿತ್ಯ ಬಲ್ಲವರಿಗೆ ವ್ಯಾಸರಾಯರು. 1460ರ ಸುಮಾರಿಗೆ ಇಲ್ಲಿ ಹುಟ್ಟಿದ ಅವರು 1539ರಲ್ಲಿ ತೀರಿಕೊಂಡರು. ಬೃಂದಾವನ ಆನೆಗೊಂದಿ ಬಳಿಯ ನವಬೃಂದಾವನದಲ್ಲಿದೆ. ಪುರಂದರದಾಸರಿಗೆ ದೀಕ್ಷೆ ಕೊಟ್ಟ ಗುರು ಇವರೇ.

ನಾನು ಓದಿದ್ದು ಇಂಜಿನಿಯರಿಂಗ್. ಶಾಸನ ಕಲಿತದ್ದು ರಜೆಯ ದಿನಗಳಲ್ಲಿ. 1894ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೇ ಸಂಪುಟ ಹಿಡಿದು ತಿ. ನರಸೀಪುರ, ನಂಜನಗೂಡು ಕಡೆಯ ದಾನಶಾಸನಗಳನ್ನು ಓದಲು ಕೂತಾಗ ಮೊದಮೊದಲು ನಿರಾಸೆ ಆಯ್ತು. ದೇವರ ಮೇಲಿನ ಪ್ರೀತಿ ಎಲ್ಲಿದೆ? ಇರೋದೆಲ್ಲ ಗದ್ದೆ, ಎಣ್ಣೆ, ಅಕ್ಕಿ, ಎಲ್ಲೆಕಲ್ಲು!

ಆಮೇಲೆ ಪದಗಳನ್ನು ಒಂದೊಂದಾಗಿ ಬಿಡಿಸಿದೆ. ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಇಲ್ಲಿವೆ.

ಅಂಗಭೋಗ: ಮೂರ್ತಿಯ ಮೈಗೆ ಸಲ್ಲುವ ಸೇವೆ, ಅಂದರೆ ಅಭಿಷೇಕ, ಗಂಧ, ಹೂವು, ಬಟ್ಟೆ.
ರಂಗಭೋಗ: ರಂಗಮಂಟಪದಲ್ಲಿ ನಡೆಯುವ ಹಾಡು, ವಾದ್ಯ, ನೃತ್ಯ.
ಅಮೃತಪಡಿ: ನೈವೇದ್ಯದ ಅಕ್ಕಿ.
ನಂದಾದೀವಿಗೆ: ಆರದ ದೀಪ.
ಖಂಡಸ್ಫುಟಿತ ಜೀರ್ಣೋದ್ಧಾರ: ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಮಾಡುವುದು. ನಮ್ಮ ಭಾಷೇಲಿ ಮೆಂಟೆನೆನ್ಸ್.

ದೇವರಿಗೂ ಸ್ನಾನ ಬೇಕು, ಊಟ ಬೇಕು, ಕತ್ತಲಲ್ಲಿ ಬೆಳಕು ಬೇಕು ಅಂತ ಯೋಚಿಸಿದವರ ಪಟ್ಟಿ ಇದು. ಮನೆಯವರ ಬಗ್ಗೆ ಮಾತ್ರ ಹೀಗೆ ಯೋಚಿಸುತ್ತೇವೆ, ಅಲ್ವಾ?

ಮಧ್ವಾಚಾರ್ಯರು (1238–1317) ಭಕ್ತಿಗೆ ಕೊಟ್ಟ ಲಕ್ಷಣದಲ್ಲಿ ಎರಡು ಅಂಶ ಮುಖ್ಯ: ದೇವರ ಹಿರಿಮೆಯ ಅರಿವು ಮೊದಲು ಬರಬೇಕು, ಅದರ ಮೇಲೆ ನಿಂತ ಸ್ನೇಹ ಮಿಕ್ಕೆಲ್ಲ ಪ್ರೀತಿಗಿಂತ ದೊಡ್ಡದಾಗಿ, ಗಟ್ಟಿಯಾಗಿ ಇರಬೇಕು. ಎಷ್ಟೋ ಶಾಸನಗಳ ಅಚ್ಚೂ ಹಾಗೇ ಇದೆ. ಮೊದಲು ಸ್ತುತಿ, ಆಮೇಲೆ ದಾನ, ಕೊನೆಗೆ ‘ಆಚಂದ್ರಾರ್ಕ’ ಎಂಬ ಮಾತು, ಅಳಿಸಿದವರಿಗೆ ಶಾಪ. ದಾನಿಗಳೆಲ್ಲ ಮಾಧ್ವರಾಗಿರಲಿಲ್ಲ, ಹಲವು ಶಾಸನ ಮಧ್ವರಿಗಿಂತ ಹಳೆಯವು. ಆದ್ದರಿಂದ ಇದು ಪ್ರಭಾವ ಅಲ್ಲ, ನಾನು ಕಂಡ ಹೋಲಿಕೆ ಅಷ್ಟೆ.

ವ್ಯಾಸರಾಯರಲ್ಲಿ ಎರಡೂ ಸೇರುತ್ತವೆ. ‘ನ್ಯಾಯಾಮೃತ’ ಬರೆದ ತರ್ಕಪಟು ಅವರೇ, ದೇವರ ನೈವೇದ್ಯಕ್ಕೆ ವ್ಯವಸ್ಥೆ ಮಾಡಿದವರೂ ಅವರೇ. ಅದಕ್ಕೆ ತಿರುಮಲೆಯ 1524ರ ಶಾಸನ ಸಾಕ್ಷಿ. ಅವರು 732 ಹನುಮ ಮೂರ್ತಿಗಳನ್ನು ಸ್ಥಾಪಿಸಿದರು ಅನ್ನುವುದು ಸಂಪ್ರದಾಯದ ಮಾತು. ದ್ವೈತದಲ್ಲಿ ಹನುಮ ವಾಯುವಿನ ಅವತಾರ, ಮುಖ್ಯಪ್ರಾಣ. ಎಲ್ಲ ಜೀವಿಗಳೊಳಗೆ ಆಡುವ ಉಸಿರು. ಹರಿಯನ್ನು ಸೇರುವ ದಾರಿ ಆ ಉಸಿರಿನ ಮೂಲಕವೇ. ನಮ್ಮ ಹಳ್ಳಿಗಳಲ್ಲಿ ಹನುಮಪ್ಪನನ್ನು ‘ಪ್ರಾಣದೇವರು’ ಅನ್ನುವುದರ ಹಿಂದೆ ಇಷ್ಟಿದೆ.

ಕೊನೆಗೊಂದು ಕೋರಿಕೆ. ಜೀರ್ಣೋದ್ಧಾರ ಅಂತ ಹಳೇ ಗುಡಿಗೆ ಪೇಂಟು, ಟೈಲ್ಸು ಹಾಕಿಸುವ ಮುಂಚೆ ಗೋಡೆ, ಮೆಟ್ಟಿಲು, ಅಧಿಷ್ಠಾನವನ್ನು ಒಮ್ಮೆ ನೋಡಿ. ಅಕ್ಷರ ಕಂಡರೆ ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಆ ಕಲ್ಲಲ್ಲಿ ಯಾರೋ ದೇವರ ದೀಪಕ್ಕೆ ಎಣ್ಣೆ ಲೆಕ್ಕ ಹಾಕಿಟ್ಟಿರಬಹುದು.