ಗಂಡಸಿನ ಕಣ್ಣೀರು ಮತ್ತು ಆರೋಗ್ಯ

“ಗಂಡುಹುಡುಗನಾಗಿ ಅಳುತ್ತೀಯಾ?” ಈ ಪ್ರಶ್ನೆಯನ್ನು ಕೇಳದೆ ಬೆಳೆದ ಹುಡುಗ ಕನ್ನಡ ಮನೆಗಳಲ್ಲಿ ವಿರಳ. ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಾಗ ತಾಯಿಯೋ, ಸೋದರಮಾವನೋ, ಶಾಲೆಯ ಮೇಷ್ಟರೋ ಸದುದ್ದೇಶದಿಂದಲೇ ಆಡುವ ಮಾತದು. ಆದರೆ ಬಾಲಕ ಅದರಿಂದ ನೋವನ್ನು ತಾಳುವುದಕ್ಕಿಂತ ಹೆಚ್ಚಾಗಿ ನೋವನ್ನು ಅಡಗಿಸುವುದನ್ನೇ ಕಲಿಯುತ್ತಾನೆ. ಐವತ್ತನೆಯ ವಯಸ್ಸಿನಲ್ಲಿ ಆ ಪಾಠದ ಬೆಲೆಯನ್ನು ಅವನ ದೇಹವೂ ಅವನ ಸಂಸಾರವೂ ತೆರಬೇಕಾಗುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ 1,70,924 ಜನರು ಆತ್ಮಹತ್ಯೆಯಿಂದ ಮೃತಪಟ್ಟರು. ಅವರಲ್ಲಿ ಪುರುಷರು 1,22,724. ಅಂದರೆ ನೂರಕ್ಕೆ ಸುಮಾರು 72. ಖಿನ್ನತೆಯೆಂಬ ಕಾಯಿಲೆ ಸ್ತ್ರೀಯರಲ್ಲಿ ಹೆಚ್ಚು ಎಂಬುದು ವೈದ್ಯಶಾಸ್ತ್ರಕ್ಕೆ ತಿಳಿದ ಸಂಗತಿ. ಹಾಗಿದ್ದೂ ಪ್ರಾಣ ಕಳೆದುಕೊಳ್ಳುವವರಲ್ಲಿ ಪುರುಷರೇ ಅಧಿಕವಾಗಿರುವುದಕ್ಕೆ ಹಲವು ಕಾರಣಗಳಿವೆ. ಕಷ್ಟವನ್ನು ಸಕಾಲದಲ್ಲಿ ಯಾರಲ್ಲಿಯೂ ಹೇಳಿಕೊಳ್ಳದಿರುವುದು ಅವುಗಳಲ್ಲಿ ಪ್ರಮುಖವಾದುದು.

ವಲಸೆಯ ಮೌನ

ಪರನಾಡಿಗೆ ಬಂದ ಕನ್ನಡಿಗರ ಬದುಕಿನಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವೂ ಸೇರಿದೆ. ಅವಿಭಜಿತ ದಕ್ಷಿಣ ಕನ್ನಡದ ಹಳ್ಳಿಗಳಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್ ಕಳುಹಿಸಿದ ತಲೆಮಾರಿನ ಸಾಹಸ ಎಲ್ಲರಿಗೂ ತಿಳಿದದ್ದೇ. ಅವರ ಪತ್ರಗಳಲ್ಲಿ “ನಾನಿಲ್ಲಿ ಕ್ಷೇಮ” ಎಂಬ ವಾಕ್ಯ ತಪ್ಪುತ್ತಿರಲಿಲ್ಲ. ಜ್ವರ ಬಂದಿದ್ದರೂ, ಕೆಲಸ ಹೋಗಿದ್ದರೂ ಕ್ಷೇಮವೇ. ಊರಿನಲ್ಲಿ ಹೆತ್ತವರು ಗಾಬರಿಯಾಗಬಾರದೆಂಬ ಪ್ರೀತಿಯೇ ಅದರ ಮೂಲ. ಇಂದು ಪತ್ರದ ಬದಲು ಮೊಬೈಲ್ ಬಂದಿದೆ, ಹೋಟೆಲಿನ ಬದಲು ಬ್ಯಾಂಕು, ಕಂಪ್ಯೂಟರ್ ಕಂಪನಿಗಳು ಬಂದಿವೆ. ಆ ವಾಕ್ಯ ಮಾತ್ರ ಹಾಗೆಯೇ ಉಳಿದಿದೆ.

ಬೇರೆ ವೇಷದ ಖಿನ್ನತೆ

ಪುರುಷನ ದುಃಖ ಅನೇಕ ವೇಳೆ ದುಃಖದ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸಣ್ಣ ಮಾತಿಗೆ ಸಿಡುಕುವುದು, ಮಕ್ಕಳ ಮೇಲೆ ಹರಿಹಾಯುವುದು, ನಿದ್ರಾಭಂಗ, ಬೆನ್ನುನೋವು, ಅಜೀರ್ಣ, ರಜೆಯ ದಿನವೂ ಕೆಲಸಕ್ಕೆ ಅಂಟಿಕೊಳ್ಳುವುದು, ಸ್ನೇಹಿತರಿಂದ ದೂರ ಸರಿಯುವುದು ಇವೆಲ್ಲ ಅದರ ಲಕ್ಷಣಗಳಾಗಿರಬಹುದು. ಮನಸ್ಸು ಸದಾ ಆತಂಕದಲ್ಲಿದ್ದರೆ ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ರಸಗಳನ್ನು ಅಧಿಕವಾಗಿ ಸ್ರವಿಸುತ್ತವೆ. ಅಪಾಯದ ಕ್ಷಣದಲ್ಲಿ ಇವು ರಕ್ಷಕಗಳು. ವರ್ಷಗಟ್ಟಲೆ ಹೀಗೆಯೇ ನಡೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಾಗೂ ಹೃದ್ರೋಗಗಳಿಗೆ ಹಾದಿಯಾಗುತ್ತವೆ.

ಮದ್ಯಪಾನ ಇನ್ನೊಂದು ವೇಷ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಪುರುಷರ ಪ್ರಮಾಣ ಶೇಕಡಾ 27.3, ಸ್ತ್ರೀಯರದು ಕೇವಲ 1.6 ಎಂದು ಕಂಡುಬಂದಿತು. ಕುಡಿತ ಚಿಂತೆಯನ್ನು ಒಂದೆರಡು ಗಂಟೆ ಮರೆಸುತ್ತದೆ ನಿಜ. ಆದರೆ ಅದು ನಡುರಾತ್ರಿ ನಿದ್ರೆಯನ್ನು ಕೆಡಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ. ಮರೆಯಲೆಂದು ಕುಡಿದವನಿಗೆ ಮರೆಯಬೇಕಾದುದು ಮರುದಿನ ಇನ್ನಷ್ಟು ಬೆಳೆದಿರುತ್ತದೆ.

ವೀರನೂ ಅಳಬಲ್ಲ

ಅಳುವುದು ಗಂಡಸಿಗೆ ಸಲ್ಲದೆಂಬುದು ಕನ್ನಡದ ಪ್ರಾಚೀನ ಕವಿಗಳ ಮತವೇನಲ್ಲ. ಹತ್ತನೆಯ ಶತಮಾನದ ರನ್ನ ಮಹಾಕವಿಯ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದ ಮಧ್ಯೆ ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಮನಬಿಚ್ಚಿ ಪ್ರಲಾಪಿಸುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನೂ ಮೆಚ್ಚುತ್ತಾನೆ. ಆ ಶೋಕದಿಂದ ಅವನ ವೀರತ್ವಕ್ಕೆ ಕುಂದುಂಟಾಗಲಿಲ್ಲ. ಅವನು ಓದುಗರ ಹೃದಯಕ್ಕೆ ಹತ್ತಿರವಾದುದೇ ಅಲ್ಲಿ.

ಆಧುನಿಕ ವಿಜ್ಞಾನವೂ ಇದಕ್ಕೆ ಪುಷ್ಟಿ ನೀಡುತ್ತದೆ. ಫಿಲಿಪೈನ್ಸ್ ದೇಶದ ಸೆಬುವಿನಲ್ಲಿ 600ಕ್ಕೂ ಹೆಚ್ಚು ಯುವಕರನ್ನು ಕೆಲವು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ತಂದೆಯಾದವರ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನಿನ ಪ್ರಮಾಣ ಗಣನೀಯವಾಗಿ ಇಳಿದುದು ಕಂಡುಬಂದಿತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಕಾಲ ಮಗುವಿನ ಆರೈಕೆಯಲ್ಲಿ ತೊಡಗಿದವರಲ್ಲಿ ಆ ಪ್ರಮಾಣ ಮತ್ತೂ ಕಡಿಮೆಯಿತ್ತು. ಮಗುವನ್ನು ಎತ್ತಿ ಆಡಿಸುವ ಕೋಮಲತೆಗೆ ಪುರುಷನ ಶರೀರವೇ ಸಿದ್ಧವಾಗುತ್ತದೆಂದು ಇದರಿಂದ ತಿಳಿಯಬಹುದು.

ಉಪಾಯಗಳು

ಮೊದಲನೆಯದು, ಭಾವನೆಗೆ ಸರಿಯಾದ ಹೆಸರನ್ನು ಕೊಡುವುದು. “ಸಿಟ್ಟು ಬಂದಿದೆ” ಎಂಬುದರ ಹಿಂದೆ ಭಯವೋ, ಅವಮಾನವೋ, ಒಂಟಿತನವೋ ಅಡಗಿರಬಹುದು. ಹೆಸರು ಗೊತ್ತಾದರೆ ಹೇಳುವುದು ಸುಲಭ.

ಎರಡನೆಯದು, ಬರೆಯುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಸ್ಸಿಗೆ ನಾಟಿದ ಘಟನೆಯನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಕಡಿಮೆ. ಬರೆದುದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಮೂರನೆಯದು, ಜೊತೆಯಲ್ಲಿ ಕೆಲಸ ಮಾಡುತ್ತ ಮಾತನಾಡುವುದು. ಎದುರುಬದುರು ಕುಳಿತರೆ ಬಾಯಿ ಬಿಡದ ಗಂಡಸು ಬೆಳಗಿನ ನಡಿಗೆಯಲ್ಲಿ ಅಥವಾ ತರಕಾರಿ ಹೆಚ್ಚುವಾಗ ಮನಸ್ಸು ತೆರೆಯಬಹುದು. ಅಂಥ ವೇಳೆ ಕೇಳುವವರು ಕೂಡಲೇ ಬುದ್ಧಿವಾದಕ್ಕೆ ತೊಡಗಬಾರದು. ಪತ್ನಿಯೊಬ್ಬಳ ಮೇಲೆಯೇ ಈ ಭಾರವೆಲ್ಲ ಬೀಳುವುದೂ ತರವಲ್ಲ. ಅವಳಿಗೂ ತನ್ನದೇ ಆಯಾಸಗಳಿವೆ. ಮನದ ನೋವು ಮನೆಯವರ ಮೇಲೆ ಕೈಮಾಡುವುದಕ್ಕೆ ಸಮರ್ಥನೆಯಂತೂ ಆಗಲಾರದು.

ನಾಲ್ಕನೆಯದು, ಎರಡು ವಾರಗಳನ್ನು ಮೀರಿ ಬೇಸರ, ನಿದ್ರಾಹೀನತೆ ಮುಂದುವರಿದರೆ ವೈದ್ಯರನ್ನು ಕಾಣುವುದು. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಕನ್ನಡವೂ ಅದರ ಭಾಷೆಗಳಲ್ಲಿ ಒಂದು.

ಸಂಘದ ಪಾತ್ರ

ದಿನವಿಡೀ ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ವ್ಯವಹರಿಸುವವನಿಗೆ ‘ಸಂಕಟ’, ‘ಬೇಗುದಿ’, ‘ಕಸಿವಿಸಿ’ ಎಂಬ ಮಾತುಗಳನ್ನು ಆಡಲು ಸ್ಥಳವೇ ಇರುವುದಿಲ್ಲ. ಮಾತೃಭಾಷೆಯಲ್ಲಿ ಹೇಳಿಕೊಂಡ ನೋವು ಅರ್ಧ ಇಳಿದಂತೆ. ಆದುದರಿಂದ ನಾಟಕದ ತಾಲೀಮು, ಭಜನೆ, ಸಹಭೋಜನಗಳಿಗಾಗಿ ಸೇರುವ ಕನ್ನಡ ಸಂಘಗಳು ಈ ಕಾರ್ಯಕ್ಕೆ ಯೋಗ್ಯ ತಾಣಗಳು. ನಿವೃತ್ತರಾದವರು, ಪತ್ನಿಯನ್ನು ಕಳೆದುಕೊಂಡವರು, ಕೆಲಸ ಹೋದ ತರುಣರು ಕೆಲವು ವಾರ ಸಂಘದ ಕಡೆ ಕಾಣಿಸಿಕೊಳ್ಳದಿದ್ದರೆ, ಯಾರಾದರೊಬ್ಬರು ಅವರ ಮನೆಗೆ ಹೋಗಿ “ಹೇಗಿದ್ದೀರಿ?” ಎಂದು ವಿಚಾರಿಸಬೇಕು. “ಕ್ಷೇಮ” ಎಂಬ ಉತ್ತರ ಬಂದ ಮೇಲೂ ಇನ್ನಷ್ಟು ಹೊತ್ತು ಕುಳಿತಿರಬೇಕು.